ದಿಬ್ಬಣದ ಬಸ್ಸು

ಲಂಡನ್ನಿನ ಮೇರಿಲ್‌ಬೋನ್ ರಸ್ತೆಯಲ್ಲಿ 1920ರಲ್ಲಿ ಪ್ರಾರಂಭೋತ್ಸವವಾದ ಭವ್ಯ ಪುರಭವನವೊಂದಿದೆ. ಅಲ್ಲಿ ಮದುವೆ ನೋಂದಾಯಿಸಿ ಮೆಟ್ಟಿಲಿಳಿದು ಬರುವ ವಧೂವರರನ್ನೂ ನೆಂಟರಿಷ್ಟರನ್ನೂ ಕರೆದೊಯ್ಯಲು ಹಳೆಯ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳು ಬಾಡಿಗೆಗೆ ಬರುವುದುಂಟು. ಇಡೀ ದಿಬ್ಬಣ ಒಂದೇ ಬಸ್ಸಿನಲ್ಲಿ ಕೂತು ಹೋಗುವ ಸಂಭ್ರಮವನ್ನು ನಮ್ಮ ಓದುಗರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಆ ಸಂಭ್ರಮಕ್ಕೆ ಕಲ್ಲು ಹಾಕುವವರು ನಾವಲ್ಲ. ಆದರೆ ಆ ಕಟ್ಟಡ ಯಾರದು, ಆ ಬಸ್ಸು ಯಾರದು ಎಂದು ಕೇಳಲೇಬೇಕು.

ಕಟ್ಟಡ ಎದ್ದದ್ದು ಪೌರಸಭೆಯ ಕೆಲಸಕ್ಕಾಗಿ. ಪಾದ್ರಿಯ ಹಂಗಿಲ್ಲದೆ ನೋಂದಣಿ ಅಧಿಕಾರಿಯ ಮುಂದೆ ಮದುವೆಯಾಗುವ ಹಕ್ಕನ್ನು ಇಂಗ್ಲೆಂಡಿನ ಜನ 1836ರ ಶಾಸನದಿಂದ ಪಡೆದರು. 1969ರಲ್ಲಿ ಹೆಸರಾಂತ ಗಾಯಕ ಪಾಲ್ ಮೆಕಾರ್ಟ್ನಿ ಮದುವೆಯಾದದ್ದು ಈ ಭವನದಲ್ಲೇ. ಶ್ರೀಮಂತನಿಗೂ ಕೂಲಿಗಾರನಿಗೂ ಕಾನೂನು ಒಂದೇ. ಅಷ್ಟರಮಟ್ಟಿಗೆ ಅದು ಜನರ ಮನೆ. ಇಂದಾದರೋ ಅದರ ಬಹುಭಾಗ ವಾಣಿಜ್ಯ ವಿದ್ಯೆ ಕಲಿಸುವ ಸಂಸ್ಥೆಯ ವಶದಲ್ಲಿದೆ.

ಇನ್ನು ಬಸ್ಸು. ಅದರ ಹೆಸರು ರೂಟ್‌ಮಾಸ್ಟರ್. 1954ರಿಂದ 1968ರವರೆಗೆ ಇಂಥ 2,876 ಬಸ್ಸುಗಳನ್ನು ಕಾರ್ಮಿಕರು ಕಟ್ಟಿದರು. ಅದು ರಸ್ತೆಗಿಳಿದದ್ದು 1956ರಲ್ಲಿ. ಅದೇ ವರ್ಷ ಲಂಡನ್ ಸಾರಿಗೆ ಸಂಸ್ಥೆ ದೂರದ ಬಾರ್ಬಡೋಸ್ ದ್ವೀಪದಿಂದ ಕೆಲಸಗಾರರನ್ನು ಕರೆಸಿಕೊಳ್ಳಲಾರಂಭಿಸಿತು. ಹಾಗೆ ಬಂದ ಅನೇಕರು ಕಂಡಕ್ಟರಾಗಿ ದುಡಿದರು. ಬೆಳಗಿನ ಪಾಳಿಯವನನ್ನು ಕೆಲಸಕ್ಕೆ ಮುಟ್ಟಿಸಿದ್ದು, ಮುದುಕಿಯ ಕೈಹಿಡಿದು ಹತ್ತಿಸಿದ್ದು ಇಂಥವರೇ.

1994ರ ಸುಮಾರಿಗೆ ಲಂಡನ್ನಿನ ಬಸ್ ಕಂಪೆನಿಗಳನ್ನು ಖಾಸಗಿಯವರಿಗೆ ಮಾರಲಾಯಿತು. 2005ರ ಡಿಸೆಂಬರ್ 9ರಂದು ರೂಟ್‌ಮಾಸ್ಟರ್ ತನ್ನ ಕೊನೆಯ ದಿನನಿತ್ಯದ ಮಾರ್ಗವಾದ 159ರಿಂದಲೂ ನಿವೃತ್ತವಾಯಿತು. ಅಂಗವಿಕಲರ ಗಾಲಿಕುರ್ಚಿ ಅದನ್ನು ಹತ್ತಲಾರದು. ಆದ್ದರಿಂದ ಹೊಸ ಬಸ್ಸು ಬೇಕಿತ್ತೆಂಬ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಬಸ್ಸು ಬದಲಾದರೆ ಕಂಡಕ್ಟರನೂ ಇಳಿಯಬೇಕೆಂಬ ನಿಯಮ ಯಾವ ದೇವರು ಬರೆದದ್ದು? ಗಾಲಿಕುರ್ಚಿಯವನಿಗೆ ನೆರವಾಗಲು ಅವನಿಗಿಂತ ಯೋಗ್ಯರು ಯಾರಿದ್ದರು? ಉಳಿದದ್ದು ಅವನ ಸಂಬಳ, ಅಷ್ಟೆ.

ಬಸ್ಸನ್ನು ತಿಕ್ಕಿ ತೊಳೆದು, ರಿಬ್ಬನ್ ಕಟ್ಟಿ, ಅಪರೂಪದ ವಸ್ತುವೆಂದು ಬಾಡಿಗೆಗೆ ಬಿಡುತ್ತಾರೆ. ದಿನವೂ ಅದನ್ನು ನಡೆಸಿದವನ ಕೆಲಸಕ್ಕೆ ಮಾತ್ರ ಆ ಮರ್ಯಾದೆ ಸಿಗಲಿಲ್ಲ. ಲೋಹಕ್ಕೆ ಸನ್ಮಾನ, ಮನುಷ್ಯನಿಗೆ ರಜೆಚೀಟಿ!

ಇದು ಲಂಡನ್ನಿನ ಕಥೆ ಮಾತ್ರವಲ್ಲ. ನಮ್ಮ ಊರಿನ ಪುರಭವನವೂ ಸರ್ಕಾರಿ ಬಸ್ಸೂ ನಮ್ಮ ತೆರಿಗೆಯಿಂದ, ನಮ್ಮ ಟಿಕೇಟಿನ ಕಾಸಿನಿಂದ ಬೆಳೆದವು. ಅವು ಕೈಬಿಟ್ಟ ಮೇಲೆ ಹಳೆಯ ವೈಭವವೆಂದು ನೆನೆಯುವುದಕ್ಕಿಂತ, ಕೈಯಲ್ಲಿರುವಾಗಲೇ ಕಾಪಾಡಿಕೊಳ್ಳುವುದು ಜಾಣತನ. ದಿಬ್ಬಣ ಸುಖವಾಗಿ ಸಾಗಲಿ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವವನಿಗೂ ಬಸ್ಸಿರಲಿ, ಆ ಬಸ್ಸಿನಲ್ಲಿ ಕಂಡಕ್ಟರನೂ ಇರಲಿ.