ಎಪಿಡ್ಯೂರಲ್ ಬೇಕಾ? ಏಳನೇ ತಿಂಗಳಲ್ಲೇ ಕೇಳಿ

ಒಂದು ಫೋನ್ ಕೊಳ್ಳೋಕೆ ಹತ್ತು ರಿವ್ಯೂ ಓದ್ತೀವಿ. ಹೆರಿಗೆ ನೋವಿಗೆ ಮದ್ದು ಬೇಕಾ, ಬೇಡ್ವಾ ಅನ್ನೋದನ್ನು ಮಾತ್ರ ಲೇಬರ್ ವಾರ್ಡ್‌ನಲ್ಲಿ, ನೋವಿನ ನಡುವೆ ಯೋಚಿಸ್ತೀವಿ.

ಎಪಿಡ್ಯೂರಲ್ ಅಂದ್ರೆ ಅರಿವಳಿಕೆ ತಜ್ಞರು ಸೊಂಟದ ಹತ್ತಿರ ಬೆನ್ನಿಗೆ ತೆಳ್ಳನೆಯ ಕೊಳವೆ ಹಾಕಿ, ಅದರ ಮೂಲಕ ಔಷಧಿ ಕೊಡೋದು. ಸುಮಾರು 20 ನಿಮಿಷದಲ್ಲಿ ನೋವು ಇಳಿಯುತ್ತೆ, ತಾಯಿ ಎಚ್ಚರವಾಗೇ ಇರ್ತಾಳೆ. ಆರೋಗ್ಯವಂತ ಗರ್ಭಿಣಿ ಕೇಳಿದರೆ ಇದನ್ನು ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

"ನಾವೆಲ್ಲ ನೋವು ತಿಂದೇ ಹೆತ್ತಿದ್ದು. ಅದು ತಗೊಂಡ್ರೆ ಸಿಜೇರಿಯನ್ನೇ ಗತಿ, ಆಮೇಲೆ ಜೀವನಪೂರ್ತಿ ಬೆನ್ನುನೋವು" ಅನ್ನೋರು ಪ್ರತಿ ಮನೆಯಲ್ಲೂ ಇದ್ದಾರೆ. ಹಲವಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2018ರ ಕಾಕ್ರೇನ್ ವಿಮರ್ಶೆಯಲ್ಲಿ ಈ ಎರಡು ಭಯಕ್ಕೂ ಆಧಾರ ಸಿಗಲಿಲ್ಲ.

ಹಾಗಂತ ತೊಂದರೆಯೇ ಇಲ್ಲ ಅಂತಲ್ಲ. ಬಿಪಿ ಇಳಿಯಬಹುದು, ಕಾಲು ಭಾರ ಅನ್ನಿಸಬಹುದು, ಜ್ವರ ಬರಬಹುದು, ಹೆರಿಗೆ ಸ್ವಲ್ಪ ತಡ ಆಗಬಹುದು. ಅಪರೂಪಕ್ಕೆ ಕೆಲವು ದಿನ ಜೋರು ತಲೆನೋವು ಕಾಡುತ್ತೆ. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ರೆ, ರಕ್ತ ಹೆಪ್ಪುಗಟ್ಟದಂತೆ ಔಷಧಿ ತಗೊಳ್ತಿದ್ರೆ ಕೊಡೋಕೆ ಆಗದೇ ಇರಬಹುದು.

ಅದಕ್ಕೇ ಏಳನೇ ತಿಂಗಳ ಚೆಕಪ್‌ನಲ್ಲೇ ಡಾಕ್ಟರನ್ನು ಕೇಳಿ: ನನಗೆ ಕೊಡಬಹುದಾ? ರಾತ್ರಿ 2 ಗಂಟೆಗೂ ಅರಿವಳಿಕೆ ಡಾಕ್ಟರ್ ಸಿಗ್ತಾರಾ? ಖರ್ಚೆಷ್ಟು? ಇನ್ಶೂರೆನ್ಸ್‌ನಲ್ಲಿ ಬರುತ್ತಾ? ಗಂಡನೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ. ನೋವು ಬಂದ ದಿನ ನಿಮ್ಮ ಪರವಾಗಿ ಮಾತಾಡಬೇಕಾದವರು ಅವರೇ.