ಹೆಸರು ‘ಶೂ’, ಆದ್ರೆ ತಿನ್ನೋ ಕೋಸು!

ಮಗನನ್ನೋ ಮಗಳನ್ನೋ ನೋಡಲು ಫ್ರಾನ್ಸಿಗೆ ಹೋಗಿ, ಎರಡು ಮೂರು ತಿಂಗಳು ಅಲ್ಲಿನ ಅಡುಗೆಮನೆ ನೋಡಿಕೊಳ್ಳುವ ಗೆಳತಿಯರು ಈಗ ನಮ್ಮ ನಡುವೆಯೂ ಇದ್ದಾರೆ. ಭಾಷೆ ಬಾರದೆ ತರಕಾರಿ ತರೋದು ಹೇಗಪ್ಪಾ ಅಂತ ದಿಗಿಲು ಬೇಡ. ಕೋಸಿನ ವಿಷಯದಲ್ಲಿ ಅವರದ್ದೂ ನಮ್ಮದೇ ಲೆಕ್ಕ. ಎಲೆಕೋಸು, ಹೂಕೋಸು, ನವಿಲುಕೋಸು ಎಂದು ನಾವು ಒಂದೇ ಮನೆತನದ ಹೆಸರಿಟ್ಟಂತೆ ಅವರು ಎಲ್ಲದಕ್ಕೂ ‘ಶೂ’ ಅಂತಾರೆ. ಕಾಲಿಗೆ ಹಾಕೋದಲ್ಲ, ಕೋಸು! ಹೂಕೋಸು ‘ಶೂ-ಫ್ಲರ್’, ಫ್ಲರ್ ಅಂದರೆ ಹೂವೇ. ನವಿಲುಕೋಸು ‘ಶೂ-ರಾವ್’. ನೇರಳೆ ಬಣ್ಣದ್ದು ‘ಶೂ ರೂಜ್’, ಉತ್ತರ ಭಾಗದಲ್ಲಿ ಅದನ್ನು ಸೇಬು, ವಿನಿಗರ್ ಹಾಕಿ ನಿಧಾನಕ್ಕೆ ಬೇಯಿಸುತ್ತಾರೆ.

ಎಡವೋದು ‘ಶೂ ಫ್ರಿಝೆ’ ಹತ್ತಿರ. ಗುಂಗುರು ಕೋಸು ಎಂದರ್ಥ. ನಿಘಂಟಿನಲ್ಲಿ ಅದು ಕೇಲ್ ಸೊಪ್ಪು. ಅಂಗಡಿಯಲ್ಲಿ ಮಾತ್ರ ಸುಕ್ಕು ಎಲೆಯ, ಉಂಡೆ ಕಟ್ಟಿದ ಸವಾಯ್ ಕೋಸನ್ನೂ ಹಾಗೇ ಕರೆಯೋದುಂಟು. ಸವಾಯ್ ಬೇಕಿದ್ದರೆ ‘ಶೂ ದ ಮಿಲಾಂ’ ಅನ್ನಿ, ನಮ್ಮ ಪಲ್ಯಕ್ಕೆ ಅದೇ ಸರಿ. ಕೇಲ್ ಬೇಕಿದ್ದರೆ ‘ಶೂ ಕೇಲ್’ ಅಂತಲೇ ಕೇಳಿ. ಕ್ರಿಸ್ಟನ್ ಬೆಡಾರ್ಡ್ ಎಂಬ ಅಮೆರಿಕದ ಹೆಣ್ಣುಮಗಳು ಪ್ಯಾರಿಸ್ಸಿನಲ್ಲಿ ಈ ಸೊಪ್ಪು ಸಿಗದೆ, 2012ರಲ್ಲಿ ರೈತರ ಬೆನ್ನುಹತ್ತಿ ಬೆಳೆಸಿದ ಮೇಲೆ ಅಲ್ಲಿ ಆ ಹೆಸರೂ ಬಳಕೆಗೆ ಬಂತು. ಹಟ ಅಂದ್ರೆ ಹಾಗಿರಬೇಕು ನೋಡಿ! ಕೇಲ್‌ನ ದಪ್ಪ ದಂಟು ತೆಗೆದೇ ಹೆಚ್ಚಿ, ಇಲ್ಲದಿದ್ರೆ ನಾರುನಾರು.

ಇದೆಲ್ಲ ಸಂತೆಯ ಮಾತಾಯ್ತು. ಹೋಟೆಲಿನಲ್ಲಿ ಮಾತ್ರ ‘ಶೂ’ ಎಂಬ ಹೆಸರನ್ನು ಸಸ್ಯಾಹಾರಿಗಳು ನಂಬಬಾರದು. ‘ಶೂ ಫಾರ್ಸಿ’ ಅಂದರೆ ಕೋಸಿನೊಳಗೆ ಹೂರಣ, ಸಾಮಾನ್ಯವಾಗಿ ಮಾಂಸದ್ದು. ‘ಶೂಕ್ರೂತ್’ ಹುಳಿ ಬರಿಸಿದ ಕೋಸು. ಜತೆಗೆ ‘ಗಾರ್ನಿ’ ಅಂತಿದ್ದರೆ ಹಂದಿಮಾಂಸ, ಸಾಸೇಜು ಬರುತ್ತೆ. ‘ಶೂ ಆ ಲಾ ಕ್ರೆಮ್’ನಲ್ಲಂತೂ ಕೋಸೇ ಇಲ್ಲ! ಕೋಸಿನಂತೆ ಉಬ್ಬಿದ ಸಿಹಿತಿಂಡಿ ಅದು, ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತೆ. ಇತ್ತ ‘ಕ್ರೆಮ್ ಡ್ಯುಬಾರಿ’ಯಲ್ಲಿ ಶೂ ಅನ್ನೋ ಸುಳಿವೇ ಇಲ್ಲ, ಬಂದದ್ದು ಹೂಕೋಸಿನ ಸೂಪು. ಹದಿನೈದನೇ ಲೂಯಿ ದೊರೆಯ ಪ್ರೇಯಸಿ ಮದಾಂ ಡ್ಯು ಬಾರಿಯ ಹೆಸರು ಅದು. ಪಾಪ, ಹೂಕೋಸಿಗೆ ಅರಮನೆಯ ಯೋಗ!

ಮಾಂಸ ಬೇಡ ಅನ್ನೋಕೆ ‘ಸಾಂ ವಿಯಾಂದ್’ ಎನ್ನಿ. ಆದರೆ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿದ್ದಾರಾ ಅಂತ ಮಗಳ ಕೈಲೇ ಇನ್ನೊಮ್ಮೆ ಕೇಳಿಸಿ.