ತೆಲುಗಿನ ಸೂಪರ್‌ಹೀರೋಗೆ ಹನುಮಂತನೇ ಕಾಮಿಕ್ಸ್: ಕನ್ನಡಕ್ಕೇನು ಪಾಠ?

2024ರ ಸಂಕ್ರಾಂತಿ. ವಿಶಾಖಪಟ್ಟಣ, ವಿಜಯವಾಡದ ಚಿತ್ರಮಂದಿರಗಳಲ್ಲಿ ಮಹೇಶ್ ಬಾಬು ಅವರ 'ಗುಂಟೂರು ಕಾರಂ' ತೆರೆಕಂಡ ದಿನವೇ, ಜನವರಿ 12ರಂದು, ಯುವ ನಟ ತೇಜ ಸಜ್ಜಾ ಅವರ 'ಹನು-ಮಾನ್' ಕೂಡ ಬಂತು. ದೊಡ್ಡ ಸ್ಟಾರ್ ಇಲ್ಲದ ಈ ಚಿತ್ರ ಆಂಧ್ರದಾಚೆಗೂ ಗೆದ್ದಿತು.

ದಾರಿ ಹೊಸದೇನಲ್ಲ. ವಿಜಯವಾಡದಲ್ಲಿ ಓದಿದ್ದ ಎನ್.ಟಿ. ರಾಮರಾವ್ 1980ರಲ್ಲೇ ತೆಲುಗಿನ 'ಸೂಪರ್‌ಮ್ಯಾನ್' ಆಗಿದ್ದರು. ಹೆಸರು ಅಮೆರಿಕದ್ದು, ಶಕ್ತಿ ಕೊಟ್ಟವನು ಆಂಜನೇಯ!

ಹಾಲಿವುಡ್‌ನ ಲೆಕ್ಕವೇ ಬೇರೆ. 1938ರಲ್ಲಿ ಕಾಮಿಕ್ಸ್ ಪುಟದಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಇಂದಿಗೂ ಕಂಪನಿಯ ಆಸ್ತಿ. 2009ರಲ್ಲಿ ಮಾರ್ವೆಲ್ ಖರೀದಿಗೆ ಡಿಸ್ನಿ ಒಪ್ಪಿದ ಮೊತ್ತ ಸುಮಾರು 400 ಕೋಟಿ ಡಾಲರ್. ಹನುಮಂತನಿಗೆ ಆ ಖರ್ಚಿಲ್ಲ. ಹಕ್ಕು ಯಾರದೂ ಅಲ್ಲ, ಪ್ರೇಕ್ಷಕರಿಗೆ ಪರಿಚಯವೂ ಬೇಕಿಲ್ಲ.

ಆದರೆ ತೊಡಕೂ ಇಲ್ಲೇ ಇದೆ. ಸ್ಪೈಡರ್‌ಮ್ಯಾನ್ ಎಡವುತ್ತಾನೆ, ಅದೇ ಅವನ ಕಥೆ. ದೇವರನ್ನು ಎಡವಿಸಲು ಯಾವ ನಿರ್ದೇಶಕ ಧೈರ್ಯ ಮಾಡಿಯಾನು? ನಿರ್ದೇಶಕ ಪ್ರಶಾಂತ್ ವರ್ಮ ಗೆದ್ದಿದ್ದು ಈ ತೊಡಕನ್ನು ಬಿಡಿಸಿದ್ದರಿಂದ. 'ಹನು-ಮಾನ್' ನಾಯಕ ದೇವರಲ್ಲ, ಹಳ್ಳಿಯ ಚಿಲ್ಲರೆ ಕಳ್ಳ. ಶಕ್ತಿ ದೈವದ್ದು, ತಪ್ಪು ಮನುಷ್ಯನದು.

ಮುಂದಿನ ಭಾಗ 'ಜೈ ಹನುಮಾನ್'ಗೆ ಹನುಮಂತನಾಗಿ ಆಯ್ಕೆಯಾಗಿರುವುದು ನಮ್ಮ ರಿಷಬ್ ಶೆಟ್ಟಿ. ಹೆಮ್ಮೆಯೇ ಸರಿ. ಆದರೆ ನಟ ನಮ್ಮವರಾದರೂ ಕಥಾಲೋಕ ತೆಲುಗಿನದು. ಕನ್ನಡಕ್ಕೆ ದೇವರ ಕೊರತೆಯಿಲ್ಲ. ಆ ಚಿಲ್ಲರೆ ಕಳ್ಳನಂಥ ಮನುಷ್ಯನನ್ನು ಬರೆಯುವವರಿಗೆ ನಮ್ಮ ನಿರ್ಮಾಪಕರು ಹಣ, ಸಮಯ ಕೊಡುತ್ತಾರೆಯೇ ಎಂಬುದೇ ಪ್ರಶ್ನೆ.